ಗೆರೆಯನ್ನು ಕೆದಕಿ ನೋಡಿದವರು

ಅವರ ಬಲಗೈಯಲ್ಲಿ ಎರಡು ಬೆರಳು ಬುಡದಿಂದಲೇ ಇರಲಿಲ್ಲ. ಚಿಕ್ಕಂದಿನಲ್ಲಿ ಹೊಸೂರು ಬಳಿಯ ತಮ್ಮೂರು ಬೇರಿಕೆಯ ಮನೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿದ್ದವು. ಹಾಗಾಗಿ ಮೇಡಂ ಎಡಗೈಯಲ್ಲಿ ಮೌಸ್ ಹಿಡಿಯುತ್ತಿದ್ದರು. ಟೈಪ್ ಮಾಡುವುದರಲ್ಲಿ ಮಾತ್ರ ನಮಗ್ಯಾರಿಗೂ ಸಿಗುತ್ತಿರಲಿಲ್ಲ.

ಹೊಸೂರಿನ ಕಾರ್ಖಾನೆಯೊಂದರ ಟೆಸ್ಟಿಂಗ್ ಲ್ಯಾಬಿಗೆ ನಾನು ಸೇರಿದಾಗ ಅವರೇ ಅಲ್ಲಿ ಹಿರಿಯರು. ತಯಾರಾದ ಗೇರ್‌ಬಾಕ್ಸನ್ನು ತಿರುಗಿಸಿ ಎಷ್ಟು ಅದುರುತ್ತದೆಂದು ಅಳೆಯುವುದು ನಮ್ಮ ಕೆಲಸ. ಆಗೆಲ್ಲ ಕಂಪ್ಯೂಟರ್ ಅಳತೆಗಳನ್ನು ಕದಲದ ಒಂದು ಚಿತ್ರ ಮಾಡಿ ಬೇರೆ ವಿಂಡೋದಲ್ಲಿ ತಂದಿಡುತ್ತಿತ್ತು. ಮೇಡಂ ಯಾರೂ ಕೇಳದೆಯೇ ಹೊಸ ಪ್ರೋಗ್ರಾಂ ಬರೆದರು. ಗ್ರಾಫು ಅದರೊಳಗೇ, ಬಟನ್‌ಗಳ ಪಕ್ಕದಲ್ಲೇ ಕೂತಿತು. ಮೌಸಿನಿಂದ ಒಂದು ಭಾಗ ಎಳೆದರೆ ಅದಷ್ಟೇ ಹಿಗ್ಗುತ್ತಿತ್ತು. ಮೊದಮೊದಲು ಪ್ರತಿ ಅಳತೆಗೂ ಇಡೀ ಗ್ರಾಫನ್ನೇ ಮತ್ತೆ ಬಿಡಿಸಬೇಕಾಗಿ ಸ್ಕ್ರೀನ್ ಗಕ್ಕನೆ ನಿಲ್ಲುತ್ತಿತ್ತು.

“ಸುಣ್ಣ ಬಳಿಯಾಕೆ ಗೋಡೇನೇ ಕೆಡವಿ ಕಟ್ತಾ ಇದೀವಿ ಕಣಪ್ಪ,” ಅಂದರು. ಚೌಕಟ್ಟು, ಅಂಕಿಗಳನ್ನು ಹಾಗೇ ಬಿಟ್ಟು ಗೆರೆಯೊಂದನ್ನೇ ಹೊಸದಾಗಿ ಎಳೆಯುವುದನ್ನು ನನ್ನನ್ನು ಪಕ್ಕ ಕೂರಿಸಿಕೊಂಡು ಕಲಿಸಿದರು. ಇವತ್ತು ನಾನು ಉಣ್ಣುವ ಅನ್ನ ಆ ಪಾಠದ್ದು.

“ಗ್ರಾಫು ಗೋಡೆಗೆ ಹಾಕೋ ಪಟ ಅಲ್ಲ. ಕೆದಕಿ ಕೇಳ್ಬೇಕು, ಆಗ ಬಾಯಿ ಬಿಡ್ತದೆ,” ಎನ್ನುತ್ತಿದ್ದರು.

ಅದು ಬಾಯಿ ಬಿಟ್ಟದ್ದೇ ಅವರಿಗೆ ಮುಳುವಾಯಿತು. ದೊಡ್ಡ ಆರ್ಡರೊಂದರ ಗೇರ್‌ಬಾಕ್ಸುಗಳು ಬಂದವು. ಪೂರ್ತಿಯಾಗಿ ನೋಡಿದರೆ ಗೆರೆ ಸಮ. ಹಿಗ್ಗಿಸಿದರೆ ಗೇರು ಸುತ್ತಿದಾಗಲೆಲ್ಲ ಅದೇ ಜಾಗದಲ್ಲಿ ಚಿಕ್ಕದೊಂದು ಉಬ್ಬು. ಗೇರಿನ ಹಲ್ಲು ಬಿರುಕು ಬಿಟ್ಟಿದೆ ಎಂದು ಮೇಡಂ ಮಾಲು ತಡೆದರು. ಮ್ಯಾನೇಜರ್ ಲ್ಯಾಬಿಗೇ ಬಂದರು.

“ಇಷ್ಟು ಹತ್ರ ಹೋಗಿ ನೋಡಿದ್ರೆ ಯಾರ ಮುಖದಲ್ಲೂ ಗುಳಿ ಕಾಣ್ತದಮ್ಮ. ಆ ಝೂಮ್ ತೆಗೀರಿ. ಕಸ್ಟಮರ್‌ಗೆ ಹಳೇ ಥರ ಪ್ರಿಂಟ್ ಸಾಕು.”

“ಝೂಮ್ ತೆಗೆದ್ರೆ ಬಿರುಕು ಹೋಗ್ತದಾ ಸಾರ್?”

“ಸೊನ್ನದ ಸೆಯ್ಯುಂಗಮ್ಮಾ,” ಹೇಳಿದ್ದಷ್ಟು ಮಾಡಿ ಎಂದು ತಮಿಳಿನಲ್ಲಿ ಮುಗಿಸಿ ಹೊರಟರು.

ಮೇಡಂ ತೆಗೆಯಲಿಲ್ಲ. ಅವರನ್ನೇ ಲ್ಯಾಬಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಝೂಮನ್ನು ಬೇರೆ ಯಾರೋ ಕಿತ್ತರು. ಮಾಲು ಹೋಯಿತು. ಓಡುತ್ತಿರುವಾಗಲೇ ಗೇರು ಒಡೆದು ಅಷ್ಟೂ ವಾಪಸು ಬಂದಾಗ, ಮೇಡಂ ಬರೆದ ಪ್ರೋಗ್ರಾಮೇ ತಪ್ಪು ಅಳತೆ ತೋರಿಸಿತೆಂದು ವಿಚಾರಣೆ ಮುಗಿಸಿದರು. ನಾನು ಕಂಡದ್ದನ್ನು ಹೇಳಿದೆ. ಕೇಳಿಸಿಕೊಂಡರು, ಬರೆದುಕೊಳ್ಳಲಿಲ್ಲ.

ಮೇಡಂ ರಾಜೀನಾಮೆ ಕೊಟ್ಟರು. ಹೊಸೂರಿನಲ್ಲಿ ಇಂಥ ಸುದ್ದಿ ಗೇಟಿಂದ ಗೇಟಿಗೆ ತಾನೇ ನಡೆಯುತ್ತದೆ. ಬೇರೆ ಯಾವ ಕಾರ್ಖಾನೆಯೂ ಅವರನ್ನು ಕರೆಯಲಿಲ್ಲ. ಬೇರಿಕೆಯಲ್ಲಿ ಅಣ್ಣನ ಮನೆಯಲ್ಲಿದ್ದರು. ಒಮ್ಮೆ ನೋಡಲು ಹೋದಾಗ ಟೊಮೆಟೊ ಆರಿಸುತ್ತಾ, ಕೊಳೆತದ್ದನ್ನು ಪಕ್ಕಕ್ಕೆಸೆದು, “ಇಲ್ಲಿ ಕೆಟ್ಟಿದ್ದನ್ನ ಕೆಟ್ಟಿದೆ ಅಂದ್ರೆ ಯಾರೂ ಬೈಯಲ್ಲ,” ಅಂದರು. ನಗಲಿಲ್ಲ. ಮುಂದಿನ ಬೇಸಗೆಯಲ್ಲಿ ಕಾಮಾಲೆ ಹಿಡಿದು ತೀರಿಕೊಂಡರು.

ಮಣ್ಣಿಗೆ ಲ್ಯಾಬಿನಿಂದ ಹೋದವನು ನಾನೊಬ್ಬನೇ. ಎಲ್ಲ ಮುಗಿದ ಮೇಲೆ ಅವರ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

“ನಮ್ಮ ಹುಡ್ಗಿ ಏನೋ ತಪ್ಪು ಮಾಡಿ ಕಂಪ್ನಿ ಹೆಸ್ರು ಕೆಡಿಸಿದ್ಲಂತೆ. ಹೌದೇನಪ್ಪ?”

“ಇಲ್ಲಣ್ಣ. ಮೇಡಂ ಸರಿಯಾಗೇ ತೋರಿಸಿದ್ರು. ಕಂಪ್ನಿಯವ್ರೇ ಅದನ್ನ ಮುಚ್ಚಿ ಮಾಲು ಕಳಿಸಿದ್ರು.”

ಅವರು ಮತ್ತೆ ಕೇಳಿದರು: “ಹಂಗಾರೆ ಮುಚ್ಚಿದೋರು ಇನ್ನೂ ಅಲ್ಲೇ ಕೆಲ್ಸದಲ್ಲಿ ಇದಾರಾ?”

ಇದಾರೆ, ಅಂದೆ. ಮ್ಯಾನೇಜರಿಗೆ ಆ ತಿಂಗಳಷ್ಟೇ ಬಡ್ತಿ ಸಿಕ್ಕಿದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.