ಮುಚ್ಚಳ ಬರೆದುಕೊಡದ ಮುಚ್ಚಳಿಕೆ

ಮುಚ್ಚಳವೆಂಬ ವಸ್ತುವಿನ ಮೇಲೆ ನನಗೆ ಮೊದಲಿನಿಂದಲೂ ವಿಶ್ವಾಸ ಕಡಿಮೆ. ಕೆ.ಆರ್. ನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ, ಭದ್ರವಾಗಿ ಮುಚ್ಚಿದ್ದೇನೆಂದು ನಾನು ಆಣೆ ಮಾಡಿ ಹೇಳಬಹುದಾಗಿದ್ದ ಊಟದ ಡಬ್ಬಿಯೊಂದು ಚೀಲದೊಳಗೇ ಬಾಯಿಬಿಟ್ಟು, ಹಳಗನ್ನಡದ ಉತ್ತರಪತ್ರಿಕೆಗಳಿಗೆ ಬೇಳೆಸಾರಿನ ಅಭಿಷೇಕ ಮಾಡಿತ್ತು. ಅಂದಿನಿಂದ ನಾನು ಯಾವ ಮುಚ್ಚಳವನ್ನೂ ಒಂದೇ ಸಲ ಮುಚ್ಚಿ ಸುಮ್ಮನಾದವನಲ್ಲ. ಮುಚ್ಚುವುದು, ತೆರೆದು ನೋಡುವುದು, ಮತ್ತೆ ಮುಚ್ಚುವುದು. ಇಂಥವನು ನಿವೃತ್ತನಾದ ಮೇಲೆ, ಹೆಂಡತಿಯ ಕ್ಷೇಮವೇ ಎರಡು ಮುಚ್ಚಳಗಳನ್ನು ಅವಲಂಬಿಸುವಂಥ ಕೆಲಸಕ್ಕೆ ಕೈಹಾಕಿದೆನೆಂದರೆ ನೀವು ನಗಬಹುದು. ನಗಿ; ಆಗ ನನಗಂತೂ ನಗು ಬರಲಿಲ್ಲ.

ನನ್ನ ಹೆಂಡತಿ ಸುಜಾತ ಹೊಸ ಅಗ್ರಹಾರದ ಕಡೆಯವಳು, ನಾಲೆಯಲ್ಲಿ ಈಜು ಕಲಿತವಳು. ನಾನೋ, ಮೊಣಕಾಲು ಮುಳುಗುವಷ್ಟು ನೀರಿದ್ದರೂ ದೇವರನ್ನು ನೆನೆಯುವವನು. ಒಂದು ದಿನ ಅವಳು ಮೊಬೈಲಿನಲ್ಲಿ ಕಯಾಕ್ ಎಂಬ ದೋಣಿಯ ಚಿತ್ರ ತೋರಿಸಿದಳು. ಎರಡೂ ತುದಿ ಚೂಪಾದ, ಒಬ್ಬರೇ ನಡುವೆ ಕಾಲುಚಾಚಿ ಕುಳಿತು ಹುಟ್ಟು ಹಾಕುವ ಸಪೂರ ದೋಣಿ.

"ಇಂಥದೊಂದು ಮಾಡ್ಕೊಡ್ರೀ. ಉಳಿ ಹಿಡ್ಕಂಡು ಸ್ಟೂಲು ಮಾಡಿದ್ದು ಸಾಕು. ಮನೇಲಿ ಕೂರೋರಿಗಿಂತ ಸ್ಟೂಲೇ ಜಾಸ್ತಿ ಆಗವೆ" ಎಂದಳು.

ಪ್ಲೈವುಡ್ ತಂದು, ಕತ್ತರಿಸಿ, ಅಂಟಿಸಿ, ಉಜ್ಜಿ, ಎಂಟು ತಿಂಗಳಲ್ಲಿ ದೋಣಿಯ ಆಕಾರವೇನೋ ಬಂತು. ಅಲ್ಲಿಂದ ಮುಂದೆ ನನ್ನ ನಿದ್ದೆ ಹೋಯಿತು. ಈ ದೋಣಿಯ ಮೂತಿಯಲ್ಲೊಂದು, ಬಾಲದಲ್ಲೊಂದು ಪೊಳ್ಳು ಕೋಣೆಯಿರುತ್ತದೆ. ದೋಣಿ ಮಗುಚಿದರೂ ಆ ಕೋಣೆಗಳಲ್ಲಿ ಸೆರೆಯಾದ ಗಾಳಿಯೇ ಅದನ್ನು ತೇಲಿಸಬೇಕು. ಸಾಮಾನು ಇಡಲೆಂದು ಆ ಕೋಣೆಗಳ ಮೇಲೆ ಒಂದೊಂದು ಬಾಯಿ, ಬಾಯಿಗೊಂದು ಮುಚ್ಚಳ. ಮುಚ್ಚಳ ಸೋರಿದರೆ ಗಾಳಿ ಹೊರಗೆ, ನೀರು ಒಳಗೆ. ಸಾಲಗಾರನಿಂದ ಬರೆಸಿಕೊಳ್ಳುವಂತೆ ಈ ಮುಚ್ಚಳಗಳಿಂದಲೂ ಒಂದು ಮುಚ್ಚಳಿಕೆ ಬರೆಸಿಕೊಳ್ಳುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಹಂಬಲಿಸಿದ್ದುಂಟು.

ನೆರವಿಗೆ ಬಂದವನು ಸುಜಾತಳ ತಮ್ಮ ಶಿವಣ್ಣ. ಗಾವಡಗೆರೆಯಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುವವನು. ನೀರನ್ನು ತಡೆಯುವುದೇ ಅವನ ವೃತ್ತಿ. ಮುಚ್ಚಳದ ಅಂಚಿನ ಸುತ್ತ ಮೆತ್ತನೆಯ ರಬ್ಬರ್ ಪಟ್ಟಿ ಅಂಟಿಸಿ, ಮೇಲೆ ಎರಡೆರಡು ಬೆಲ್ಟು ಬಿಗಿದ. ಕೋಣೆಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅಂಚಿಗೆಲ್ಲ ಸೋಪಿನ ನೀರು ಸವರಿದೆವು. ಒಂದು ಮೂಲೆಯಲ್ಲಿ ಸಣ್ಣಗೆ ಗುಳ್ಳೆ ಎದ್ದಿತು. ಪಟ್ಟಿ ಕಿತ್ತು ಮತ್ತೆ ಅಂಟಿಸಿದೆವು. ನಾಲ್ಕನೆಯ ಸಲ ಒಂದು ಗುಳ್ಳೆಯೂ ಏಳಲಿಲ್ಲ. ನಾನು ಐದನೆಯ ಸಲ ಪಂಪು ಕೈಗೆತ್ತಿಕೊಂಡಾಗ ಶಿವಣ್ಣ ಅದನ್ನು ಕಿತ್ತುಕೊಂಡ.

"ಸಾಕು ಬುಡಿ ಭಾವ. ಇದನ್ನ ಇಡೀ ವರ್ಸ ಬಾವಿ ತಳದಲ್ಲಿ ಬುಟ್ರೂ ಒಂದು ತೊಟ್ಟು ನೀರು ಒಳಕ್ ಓಗಲ್ಲ ಕಣಿ."

ಒಂದು ಭಾನುವಾರ ಬೆಳಿಗ್ಗೆ ಗಾವಡಗೆರೆಯ ಆಚೆಯ ಕೆರೆಯೊಂದಕ್ಕೆ ದೋಣಿಯನ್ನು ಗಾಡಿಯಲ್ಲಿ ಒಯ್ದೆವು. ಸುಜಾತ ಚೂಡಿದಾರದ ಮೇಲೆ ಕೆಂಪು ಲೈಫ್ ಜಾಕೆಟ್ ಬಿಗಿದುಕೊಂಡು, ಮದುಮಗಳ ಗತ್ತಿನಲ್ಲಿ ದಡಕ್ಕಿಳಿದಳು. ಶಿವಣ್ಣ ಲಾರಿಯ ಟ್ಯೂಬಿಗೆ ಗಾಳಿ ತುಂಬಿ ಸಿದ್ಧನಾಗಿ ನಿಂತ. ಅವರಿಬ್ಬರೂ ಹುಟ್ಟನ್ನು ತರಲು ಗಾಡಿಯ ಕಡೆ ಹೋದ ಆ ಒಂದು ನಿಮಿಷದಲ್ಲಿ ನನ್ನ ಕೈ ತಡೆಯಲಿಲ್ಲ. ಮುಂದಿನ ಮುಚ್ಚಳದ ಬೆಲ್ಟು ಬಿಚ್ಚಿದೆ, ತೆರೆದು ನೋಡಿದೆ. ಒಳಗೆ ನೀರು ಹೋದರೆ ಸಾಕ್ಷಿಗಿರಲೆಂದು ನನ್ನ ಒಣ ಕರವಸ್ತ್ರವನ್ನು ಒಳಗಿಟ್ಟು, ಮುಚ್ಚಿ, ಬೆಲ್ಟು ಬಿಗಿದೆ. ಯಾರಿಗೂ ಹೇಳಲಿಲ್ಲ.

ದೋಣಿ ಹಂಸದಂತೆ ಹೋಯಿತು. ಕೆರೆಯ ನಡುವೆ ಅವಳು ತಾವರೆ ಮುಟ್ಟಲು ಪಕ್ಕಕ್ಕೆ ವಾಲಿದ್ದು ಕಾಣಿಸಿತು. ಮರುಕ್ಷಣ ದೋಣಿಯ ತಳ ಮಾತ್ರ ಕಾಣಿಸಿತು. ಅವಳ ತಲೆ ನೀರಿನಿಂದ ಮೇಲೆ ಬಂತು. ಅವಳು ದೋಣಿಯನ್ನು ಹಿಡಿದು ಮಗುಚಿ ನೆಟ್ಟಗೆ ಮಾಡಿದಳು. ಆದರೆ ಅದರ ಮೂತಿ ಮೇಲೇಳಲಿಲ್ಲ. ನೀರು ಕುಡಿಯುವ ಎಮ್ಮೆಯಂತೆ ಮುಂದಕ್ಕೆ ಬಾಗಿಯೇ ಇತ್ತು. ಶಿವಣ್ಣ ಟ್ಯೂಬಿನೊಂದಿಗೆ ನೀರಿಗೆ ಹಾರಿದ. ನಾನೂ ಚಪ್ಪಲಿ ಕಳಚಿ ಸೊಂಟದವರೆಗೆ ಇಳಿದೆ. ಇಳಿದದ್ದು ನನಗೆ ಗೊತ್ತಾದದ್ದು ಆಮೇಲೆ. ಸುಜಾತ ಮೇಲೆದ್ದಿದ್ದ ಬಾಲವನ್ನು ಹಿಡಿದು, ಕಾಲು ಬಡಿಯುತ್ತ, ದೋಣಿಯನ್ನು ತಳ್ಳಿಕೊಂಡು ಬಂದಳು. ಹಿಂದಿನ ಮುಚ್ಚಳ ಕೊನೆಯವರೆಗೂ ಮಾತಿಗೆ ತಪ್ಪಲಿಲ್ಲ.

ದಡದಲ್ಲಿ ಶಿವಣ್ಣ ಮುಂದಿನ ಮುಚ್ಚಳದ ಸುತ್ತ ಬೆರಳಾಡಿಸಿದ. ಒಂದು ಕಡೆ ರಬ್ಬರ್ ಪಟ್ಟಿಗೂ ಅಂಚಿಗೂ ನಡುವೆ ಬಿಳಿಬಟ್ಟೆಯ ಮಡಿಕೆ ಸಿಕ್ಕಿಕೊಂಡಿತ್ತು. ಅವನು ಎಳೆದ, ನನ್ನ ಕರವಸ್ತ್ರ ಉದ್ದಕ್ಕೆ ಹೊರಬಂತು.

"ಇದ್ಯಾರದು?" ಎಂದ ಅವನು, ಮುಖ ಕೆಂಪಗೆ ಮಾಡಿಕೊಂಡು.

ಸುಜಾತ ಕೂದಲು ಹಿಂಡಿಕೊಳ್ಳುತ್ತ ನನ್ನತ್ತ ನೋಡಿದಳು. ನಾನು ತಲೆತಗ್ಗಿಸಿದೆ. "ನಂದೇ. ಮುಚ್ಚಳ ಬಿಗಿಯಾಗಿದ್ಯಾ ಅಂತ ನೋಡೋಕೆ ತೆಗೆದಿದ್ದೆ" ಎಂದೆ. ಗದರುತ್ತಾಳೆಂದು ಕಾದೆ. ಅವಳು ಸೊಂಟದವರೆಗೆ ನೆನೆದಿದ್ದ ನನ್ನ ಪ್ಯಾಂಟನ್ನೇ ದಿಟ್ಟಿಸಿದಳು.

"ನೀವು ನೀರಿಗಿಳಿದ್ರಾ?"

"ಗೊತ್ತಾಗಲಿಲ್ಲ."

ಅವಳು ಕೋಣೆಯ ನೀರನ್ನೆಲ್ಲ ಮೊಗೆದು ಚೆಲ್ಲಿ, ಪಟ್ಟಿ ಒರೆಸಿ, ಮುಚ್ಚಳವನ್ನು ತಾನೇ ಕೂರಿಸಿ, ಬೆಲ್ಟು ಬಿಗಿದಳು. ಆಮೇಲೆ ನನ್ನ ಭುಜ ಹಿಡಿದು ಹೊಲದ ಕಡೆ ತಿರುಗಿಸಿದಳು. "ಇಂಗೇ ನಿಂತಿರಿ. ನಾನು ಕೂಗೋಗಂಟ ಈ ಕಡೆ ನೋಡ್ಬೇಡಿ."

ನಿಂತೆ. ಕಣ್ಣೆದುರು ಹೊಗೆಸೊಪ್ಪಿನ ಹೊಲ. ಬೆನ್ನ ಹಿಂದೆ ಹುಟ್ಟಿನ ಸಪ್ಪಳ, ಎಡಕ್ಕೊಂದು, ಬಲಕ್ಕೊಂದು. ವಿದ್ಯಾರ್ಥಿಗಳನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದ ಪಾಪವೆಲ್ಲ ಆ ಹೊತ್ತಿನಲ್ಲಿ ಸಂದಾಯವಾಯಿತು. ಸಪ್ಪಳ ಕ್ಷೀಣಿಸುತ್ತ ಹೋಗಿ ನಿಂತೇಬಿಟ್ಟಿತು. ಎಡಗಾಲು ತಾನಾಗಿಯೇ ಅರ್ಧ ತಿರುಗಿತು; ಅದನ್ನು ಎಳೆದು ಮೊದಲಿನಂತೆ ಇಟ್ಟೆ. ಎಷ್ಟೋ ಹೊತ್ತು ಏನೂ ಕೇಳಲಿಲ್ಲ.

"ರೀ! ಈಗ ತಿರುಗಿ!"

ಆಚೆ ದಡದ ಹತ್ತಿರ ಒಂದು ಕೆಂಪು ಚುಕ್ಕೆ, ಮೇಲೆತ್ತಿದ ಹುಟ್ಟು. ಮೂತಿ ಮೇಲಿತ್ತು. ಮುಚ್ಚಳ ಹೇಗಿದೆ ನೋಡು ಎಂಬ ಮಾತು ನಾಲಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡು, ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಇನ್ನೊಂದು ಸುತ್ತು ಹೋಗಿ ಬಾ!" ಎಂದು ಕೂಗಿದೆ.