ಫೋನಿನ ಆಚೆ ಬರೆಯುತ್ತಿದ್ದವಳು

ಗದಗಿನ ಯಾವುದೋ ಗೋಡೆಯ ಮೇಲೆ ಹಚ್ಚಿದ್ದ ಜಾಹೀರಾತನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದಿಟ್ಟವರು ನಮ್ಮ ಯಜಮಾನರು. ಅವರು ಮುಂಡರಗಿಯಲ್ಲಿ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾರೆ. ಅಂದು ಸಿಮೆಂಟ್ ಚೀಲ ಇಳಿಸಲು ಗದಗಿಗೆ ಹೋಗಿದ್ದರು.

"ಮನ್ಯಾಗ ಕುಂತು ಬಿಎ ಮಾಡಬಹುದಂತ ನೋಡು. ನೀ ಮಾಡ್ತೀಯೇನು?"

ನಾನು ಒಲೆಯ ಮುಂದಿದ್ದೆ. ಹಂಚಿನ ಮೇಲೆ ರೊಟ್ಟಿ, ಕೈ ತುಂಬ ಹಿಟ್ಟು. ಪಿಯುಸಿ ಮುಗಿಸಿದ ಬೇಸಿಗೆಯಲ್ಲೇ ಮದುವೆಯಾಗಿ ತವರು ಕೊರ್ಲಹಳ್ಳಿಯಿಂದ ಈ ಮನೆಗೆ ಬಂದವಳು. ಬಂದಾಗಿನಿಂದ ಅತ್ತೆಯೂ ನಾನೂ ಕೂಡಿ ಬಸ್ ಸ್ಟ್ಯಾಂಡಿನ ಸುತ್ತಲಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದೆವು. ಮಗಳು ಆಗಲೇ ಹೈಸ್ಕೂಲಿಗೆ ಬಂದಿದ್ದಳು.

"ಈಗ ನನಗ್ಯಾಕ್ರಿ ಓದು?" ಅಂದೆ. ಅಂದೆನೇ ಹೊರತು ಕಣ್ಣು ಆ ಫೋಟೊ ಮೇಲೇ ಇತ್ತು.

ಅತ್ತೆ ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದವರು ತಲೆ ಎತ್ತದೆ ಕೇಳಿದರು: "ಓದಲಿ, ಬ್ಯಾಡ ಅನ್ನಂಗಿಲ್ಲ. ರೊಟ್ಟಿ ಯಾರ ಮಾಡವ್ರು?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದು ನಿಜವಾದ ಪ್ರಶ್ನೆಯೇ ಆಗಿತ್ತು. ಆದರೂ ಮುಂದಿನ ವಾರವೇ ಯಜಮಾನರು ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಹೆಸರು ಹಚ್ಚಿಸಿಬಿಟ್ಟರು.

ಪುಸ್ತಕಗಳು ಬಂದ ದಿನ ಮನೆಯಲ್ಲಿ ಹಬ್ಬದಂತೆ ಇತ್ತು. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ. ಮಗಳು ಒಂದೊಂದಕ್ಕೂ ರಟ್ಟು ಹಾಕಿಕೊಟ್ಟಳು. ಮನೆಯಲ್ಲೇ ಕೂತು, ಬೇಕಾದಾಗ ಓದಬಹುದು ಎಂದು ಜಾಹೀರಾತಿನಲ್ಲಿ ಬರೆದಿತ್ತು. ಆ 'ಬೇಕಾದಾಗ' ಎಂಬುದು ನನ್ನ ದಿನದಲ್ಲಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಮೊದಲ ತಿಂಗಳುಗಳು ಕಳೆದುಹೋದವು. ಬೆಳಗಿನ ರೊಟ್ಟಿ ಮುಗಿಸಿ, ಅರಿವೆ ಒಗೆದು, ಊಟ ಮಾಡಿ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ನಿದ್ದೆ. ಎದ್ದರೆ ಸಂಜೆಯ ರೊಟ್ಟಿ. ಮೊದಲ ಪಾಠದ ಪುಟಗಳಲ್ಲಿ ನನ್ನ ಹಿಟ್ಟಿನ ಬೆರಳ ಗುರುತು ಮೂಡಿತ್ತು; ತಲೆಯಲ್ಲಿ ಮಾತ್ರ ಏನೂ ಮೂಡಿರಲಿಲ್ಲ.

ಹಾಗಿರುವಾಗ ಗದಗಿನಲ್ಲಿ ಒಂದು ಭಾನುವಾರ ಸಂಪರ್ಕ ತರಗತಿ ಇಟ್ಟರು. ನಮ್ಮಂಥ ದೂರಶಿಕ್ಷಣದವರನ್ನು ಆಗಾಗ ಕರೆದು ಪಾಠ ಹೇಳುವ ತರಗತಿ ಅದು. ಇಷ್ಟು ವರ್ಷಗಳ ನಂತರ ಬೆಂಚಿನ ಮೇಲೆ ಕೂತಾಗ ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಪಾಠ ಶುರುವಾದ ಮೇಲೆ ಬುರ್ಖಾ ಹಾಕಿಕೊಂಡ ಒಬ್ಬಾಕೆ ಏದುಸಿರು ಬಿಡುತ್ತ ಬಂದಳು.

"ಸರೀರಿ ಅಕ್ಕಾರ, ಜಾಗಾ ಐತೇನ್ರಿ?"

ಆಕೆ ಲಕ್ಷ್ಮೇಶ್ವರದವಳು. ಮನೆಯ ಮುಂದಿನ ಖೋಲಿಯಲ್ಲಿ ಜಂಪರು ಹೊಲಿಯುತ್ತಿದ್ದಳು. ಸೀದಾ ಬಸ್ಸು ತಪ್ಪಿ, ಶಿರಹಟ್ಟಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಬಂದಿದ್ದಳು. ಮಧ್ಯಾಹ್ನ ಅಂಗಳದ ಬೇವಿನ ಗಿಡದ ಕೆಳಗೆ ಇಬ್ಬರೂ ಬುತ್ತಿ ಬಿಚ್ಚಿದೆವು. ನನ್ನ ರೊಟ್ಟಿ ಅವಳಿಗೆ, ಅವಳ ಬದನೆಕಾಯಿ ಪಲ್ಯ ನನಗೆ.

"ನೀವು ಓದೂದು ಯಾವಾಗ್ರಿ?" ಎಂದು ಕೇಳಿದಳು.

"ಓದೂದ ಇಲ್ರಿ. ಕೈ ಖಾಲಿ ಇರಂಗಿಲ್ಲ."

"ಕಿವಿ ಖಾಲಿ ಇರ್ತಾವಲ್ರಿ?"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವಳಿಗೆ ಬಾಯಿ ಮಾಡಿ ಓದಿದರೆ ಮಾತ್ರ ತಲೆಗೆ ಹತ್ತುವುದು. "ಹೆಂಗೂ ಜೋರಾಗಿ ಓದತೀನಿ. ಅದನ್ನ ಫೋನಿನ್ಯಾಗ ತುಂಬಿ ನಿಮಗೂ ಕಳಸ್ತೀನಿ. ನೀವು ರೊಟ್ಟಿ ಮಾಡಕೋಂತ ಕೇಳ್ರಿ."

ಮಾತು ಕೊಟ್ಟಂತೆ ಮರುದಿನವೇ ಮೊದಲ ಪಾಠ ಬಂತು. ಫೋನನ್ನು ಒಲೆಯ ಮೇಲಿನ ಗೂಡಿನಲ್ಲಿ ಇಟ್ಟು ರೊಟ್ಟಿಗೆ ಕೂತೆ. ವಿಜಯನಗರದ ಅರಸರು ಕೆರೆ ಕಟ್ಟಿಸುತ್ತಿರುವಾಗ ನಡುವೆ ಯಾರೋ ಹೆಂಗಸು "ತೋಳು ಇನ್ನಾ ಸ್ವಲ್ಪ ಉದ್ದ ಇಡ್ರಿ" ಎನ್ನುತ್ತಿದ್ದಳು. "ಆತು ಇಡ್ತೀನಿ" ಎಂದು ಹೇಳಿ ಗೆಳತಿ ಮತ್ತೆ ಕೆರೆಗೇ ಮರಳುತ್ತಿದ್ದಳು. ಕತ್ತರಿಯ ಸಪ್ಪಳ, ಬೀದಿಯ ಹಾರ್ನು, ಅವಳ ಮಗನ ಅಳು ಎಲ್ಲವೂ ಆ ಪಾಠಗಳಲ್ಲಿ ಇದ್ದವು. ಹಳಗನ್ನಡದ ಪದ್ಯ ಅವಳಿಗೆ ಕಬ್ಬಿಣದ ಕಡಲೆ. ಅದು ನನಗೆ ಮೊದಲಿನಿಂದಲೂ ಸೇರುತ್ತಿತ್ತು. ಪದ ಬಿಡಿಸಿ, ಅರ್ಥ ಹೇಳಿ ನಾನು ಅವಳಿಗೆ ಕಳಿಸತೊಡಗಿದೆ. 'ನೀವು' ಹೋಗಿ 'ನೀನು' ಯಾವಾಗ ಬಂತೋ ಇಬ್ಬರಿಗೂ ನೆನಪಿಲ್ಲ.

ಕೆಲವೇ ದಿನಗಳಲ್ಲಿ ಅತ್ತೆಯೂ ಕಿವಿ ಕೊಡತೊಡಗಿದರು. ಮೊದಮೊದಲು ಗೊತ್ತಾಗದಂತೆ ಕೇಳುತ್ತಿದ್ದವರು, ಒಮ್ಮೆ ಪಾಠ ಅರ್ಧಕ್ಕೆ ನಿಂತಾಗ ತಡೆಯಲಾರದೆ ಕೇಳಿಯೇಬಿಟ್ಟರು: "ಮುಂದ ಏನಾತಂತ? ಆ ಅರಸನ ತಮ್ಮನ ಕೈಗೆ ಪಟ್ಟ ಬಂತೋ ಇಲ್ಲೋ?" ಪಾಠ ಬಾರದ ದಿನ, "ಆ ಲಕ್ಷ್ಮೇಶ್ವರದಾಕಿಗೆ ಆರಾಮ ಇಲ್ಲೇನು, ಫೋನ್ ಹಚ್ಚಿ ಕೇಳು" ಎನ್ನುತ್ತಿದ್ದರು.

ಮೊದಲ ಪರೀಕ್ಷೆಗೆ ನಾನು ಹೆದರದೆ ಹೋದೆ. ಇತಿಹಾಸದ ಪ್ರಶ್ನೆಪತ್ರಿಕೆ ನೋಡಿದರೆ ಎಲ್ಲವೂ ಗೊತ್ತಿದ್ದವೇ. ಖುಷಿಯಿಂದ ಪೆನ್ನು ಹಿಡಿದೆ. ಒಂದು ಪುಟ ತುಂಬುವಷ್ಟರಲ್ಲಿ ಬೆರಳು ಸೆಟೆದುಕೊಂಡವು. ಅಕ್ಷರಗಳು ಚಿಕ್ಕ ಮಕ್ಕಳು ಬರೆದಂತೆ ದಪ್ಪಗೆ, ಒಂದೊಂದೇ ಬಿದ್ದವು. ಪದೇ ಪದೇ ಪೆನ್ನು ಕೆಳಗಿಟ್ಟು ಕೈ ಕೊಡವಬೇಕಾಯಿತು. ಸುತ್ತಲಿನವರು ಪುಟದ ಮೇಲೆ ಪುಟ ಮಗುಚುತ್ತಿದ್ದರು. ಗಂಟೆ ಬಾರಿಸಿ ಉತ್ತರಪತ್ರಿಕೆ ಎತ್ತಿಕೊಳ್ಳುವಾಗ, ನನಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದ ಪ್ರಶ್ನೆಗಳೇ ಉಳಿದಿದ್ದವು.

ಉಳಿದ ವಿಷಯಗಳು ಹೇಗೋ ಆದವು. ಇತಿಹಾಸ ಹೋಯಿತು. ಗೆಳತಿಯದು ರಾಜ್ಯಶಾಸ್ತ್ರ ಹೋಯಿತು.

ಫಲಿತಾಂಶ ನೋಡಿದ ಮಧ್ಯಾಹ್ನ ನಾನು ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲೆ ಇಡಲು ಹೋದೆ. "ರೊಟ್ಟಿ ಬಡಿಯೋ ಕೈಗೆ ಪೆನ್ನು ಒಗ್ಗಂಗಿಲ್ಲ" ಎಂದು ಯಜಮಾನರಿಗೆ ಹೇಳುತ್ತ ಕಣ್ಣೀರು ಹಾಕಿದೆ. ಅವರು ಹೊರಗೆ ಹೋಗಿ ಗಾಡಿ ಒರೆಸುತ್ತ ನಿಂತರು. ಗೆಳತಿಗೆ ಫೋನು ಮಾಡಿ ಇನ್ನು ಬಿಡುತ್ತೇನೆ ಎಂದೆ.

"ನಂದೂ ಹೋಗೇತಿ. ನಾ ಅಂತೂ ಬಿಡಂಗಿಲ್ಲ ನೋಡಕ್ಕ. ನೀ ಬಿಟ್ರ ಹಳಗನ್ನಡ ನನಗ ಯಾರ ಹೇಳ್ತಾರ?"

ಇದನ್ನೆಲ್ಲ ಕೇಳುತ್ತ ಕೂತಿದ್ದ ಅತ್ತೆ ನನ್ನನ್ನು ಹತ್ತಿರ ಕರೆದರು. "ಯಾವುದು ಬರದಿಲ್ಲ ನೀ, ಹೇಳು." ಬಿಟ್ಟುಹೋದ ಪ್ರಶ್ನೆಗಳಲ್ಲಿ ಒಂದನ್ನು ಹೇಳಿ, ಅದರ ಉತ್ತರವನ್ನೂ ಅಳುತ್ತಲೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ತಲ್ಯಾಗ ಐತೆಲ್ಲ ಬೇ. ಕೈಯಾಗ ಬಂದಿಲ್ಲ, ಅಷ್ಟ. ನೀ ಈ ಮನಿಗೆ ಬಂದಾಗ ರೊಟ್ಟಿ ಬಡ್ಯಾಕ ಬರತಿತ್ತೇನು? ಹಂಚಿಗೆ ಹಾಕೂದ್ರಾಗ ಹರೀತಿದ್ದಿ. ಮಾಡಿ ಮಾಡಿ ರೂಢಿ ಆತು. ಇದನ್ನೂ ದಿನಾ ಬರಿ. ಸಂಜೀ ರೊಟ್ಟಿ ನಾ ನೋಡ್ಕೋತೀನಿ."

"ನಿಮ್ಮ ಮೊಣಕಾಲು ನೋವು..."

"ನನ್ನ ಮಗಗ ಎರಡು ಕೈ ಅದಾವ. ಹಿಟ್ಟು ನಾದ್ಲಿ."

ಮರುದಿನದಿಂದ ಯಜಮಾನರು ನಿಜವಾಗಿಯೂ ಹಿಟ್ಟು ನಾದಿದರು. ಮೊದಲ ದಿನ ನೀರು ಹೆಚ್ಚಾಗಿ ಅತ್ತೆಯಿಂದ ಬೈಸಿಕೊಂಡರು. ಆಮೇಲೆ ಹದ ತಿಳಿಯಿತು.

ನಾನು ನಡುಮನೆಯಲ್ಲಿ ಕೂತು ಬರೆಯತೊಡಗಿದೆ. ಒಬ್ಬಳೇ ಬರೆದರೆ ನಡುವೆ ಏಳುವ ಮನಸ್ಸಾಗುತ್ತಿತ್ತು. ಅದಕ್ಕೆ ಗೆಳತಿ ಒಂದು ದಾರಿ ಹುಡುಕಿದಳು. ಇಬ್ಬರೂ ತಂತಮ್ಮ ವಿಷಯದ ಪ್ರಶ್ನೆಯೊಂದನ್ನು ಎದುರಿಗಿಟ್ಟುಕೊಂಡು, ಫೋನು ಹಚ್ಚಿ ಪಕ್ಕದಲ್ಲಿಟ್ಟು, ಮಾತಾಡದೆ ಬರೆಯುವುದು. ಆಚೆ ಅವಳು ಪುಟ ಮಗುಚಿದ ಸಪ್ಪಳ ಕೇಳಿದರೆ ನನ್ನ ಕೈ ಚುರುಕಾಗುತ್ತಿತ್ತು. ಅವಳ ಹೊಲಿಗೆ ಯಂತ್ರ ಆ ಹೊತ್ತು ಸುಮ್ಮನಿರುತ್ತಿತ್ತು. ಒಮ್ಮೆ ನೀರು ಕುಡಿಯಲು ಬಂದ ಅತ್ತೆ ಫೋನನ್ನೂ ನನ್ನನ್ನೂ ನೋಡಿ ನಿಂತರು.

"ಫೋನ್ ಹಚ್ಚಿ ಇಬ್ರೂ ಬಾಯಿ ಮುಚ್ಚಿ ಕುಂತೀರಲ್ಲ, ಜಗಳಾ ಆಡೀರೇನು?"

ಲಕ್ಷ್ಮೇಶ್ವರದಿಂದ ದೊಡ್ಡ ನಗು ಕೇಳಿಸಿತು. ಆ ದಿನ ಮುಂದೆ ಬರೆಯಲಾಗಲಿಲ್ಲ.

ಮರುಪರೀಕ್ಷೆಯ ದಿನ ಇಬ್ಬರದೂ ಒಂದೇ ಹೊತ್ತಿಗೆ, ಗದಗಿನ ಒಂದೇ ಕಾಲೇಜಿನಲ್ಲಿ. ನಾನು ಬೇಗ ಹೋಗಿ ಗೇಟಿನ ಹತ್ತಿರ ಕಾದೆ. ಅವಳು ಬರಲಿಲ್ಲ. ಫೋನೂ ಹತ್ತಲಿಲ್ಲ. ಎಲ್ಲರೂ ಒಳಗೆ ಹೋದರು, ಮೊದಲ ಗಂಟೆಯೂ ಬಾರಿಸಿತು. ಗೇಟು ಕಾಯುವವರು, "ಒಳಗ ಹೋಗ್ತೀರೋ ಇಲ್ಲೋ ಅಕ್ಕಾರ? ಬಾಗಲಾ ಹಾಕ್ತೀವಿ ಮತ್ತ" ಅಂದರು. ಒಂದು ಹೆಜ್ಜೆ ಒಳಗಿಟ್ಟು ಮತ್ತೆ ರಸ್ತೆ ನೋಡಿದೆ. ಆಗ ಒಂದು ಬೈಕು ಬಂದು ನಿಂತಿತು. ಓಡಿಸುತ್ತಿದ್ದ ಮುದುಕರ ಹಿಂದೆ ಅವರ ಹೆಂಡತಿ, ಅವರ ಹಿಂದೆ ಅರ್ಧ ಸೀಟಿನ ಮೇಲೆ ನನ್ನ ಗೆಳತಿ, ಮೈಯೆಲ್ಲ ಧೂಳು. ಶಿರಹಟ್ಟಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತ್ತಂತೆ. ಗುರುತಿಲ್ಲದ ಆ ದಂಪತಿ ಸಂತೆಗೆ ಹೊರಟಿದ್ದವರು ಇವಳನ್ನು ಕೂರಿಸಿಕೊಂಡು ಬಂದಿದ್ದರು.

"ಓಡ್ರೆ, ಓಡ್ರಿ! ನಿಂತು ಏನ್ ನೋಡ್ತೀರಿ!" ಎಂದು ಆ ಮುದುಕಿ ನಮ್ಮಿಬ್ಬರನ್ನೂ ಗದರಿದರು. ಅವರಿಗೆ ಕೈ ಮುಗಿಯುವುದಕ್ಕೂ ಪುರಸೊತ್ತಾಗಲಿಲ್ಲ.

ಅಂದು ನನ್ನ ಕೈ ಎಲ್ಲಿಯೂ ನಿಲ್ಲಲಿಲ್ಲ. ಕೊಟ್ಟ ಹಾಳೆ ಸಾಲದೆ ಎದ್ದು ನಿಂತು ಇನ್ನಷ್ಟು ಹಾಳೆ ಕೇಳಿದೆ. ಹಾಗೆ ಕೇಳುವಾಗ ಬಂದ ಹಿಗ್ಗು, ಮುಂದೆ ಫಲಿತಾಂಶ ನೋಡಿದಾಗಲೂ ಬರಲಿಲ್ಲ ಎನ್ನಬೇಕು.

ಇಬ್ಬರೂ ಪಾಸಾದೆವು. ಉಳಿದ ವರ್ಷಗಳು ಸಲೀಸಾಗೇನೂ ಹೋಗಲಿಲ್ಲ. ಅವಳ ಮಗನಿಗೆ ಕಾಮಾಲೆ ಆದಾಗ ಒಂದು ಪರೀಕ್ಷೆ ಬಿಟ್ಟು, ಮುಂದಿನ ಸಲ ಬರೆದಳು. ಆದರೆ ಬಿಡುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಕೊನೆಯ ಫಲಿತಾಂಶ ಬಂದಾಗ ಅತ್ತೆ ಖಾನಾವಳಿಗೆ ತಾವೇ ಫೋನು ಮಾಡಿಸಿ ಹೇಳಿದರು: "ನಮ್ಮ ಸೊಸಿ ಬಿಎ ಆಗ್ಯಾಳ. ನಾಳಿ ರೊಟ್ಟಿ ಇಲ್ಲ."

ಆ ರಜೆಯ ದಿನ ಗೆಳತಿಯನ್ನೂ ಅವಳ ಮಗನನ್ನೂ ಕರೆದುಕೊಂಡು ನಾವೆಲ್ಲ ನನ್ನ ತವರಿಗೆ ಹೋದೆವು. ಅವ್ವ ಹೋಳಿಗೆ ಮಾಡಿದ್ದಳು. ಊಟ ಮುಗಿಸಿ ಹೊಳೆಯ ದಂಡೆಗೆ ನಡೆದೆವು. ತುಂಗಭದ್ರೆಯಲ್ಲಿ ನೀರು ತಿಳಿಯಾಗಿತ್ತು. ಗೆಳತಿ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕೂತು, ನೀರಿಗೆ ಪಾದ ಇಳಿಬಿಟ್ಟಳು.

"ಎಂಎಗೆ ಏನ್ ತಗೋತಿ?" ಎಂದು ಕೇಳಿದಳು.

"ಇತಿಹಾಸ. ನೀ?"

"ರಾಜ್ಯಶಾಸ್ತ್ರ. ಒಮ್ಮಿ ನನ್ನ ಕೆಡವಿದ್ದು ಅದ. ಬಿಡಂಗಿಲ್ಲ ಅದನ್ನ."

ಸ್ವಲ್ಪ ದೂರದಲ್ಲಿ ಅತ್ತೆ ಮತ್ತು ಅವ್ವ ನೆರಳಿನಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಕ್ಕಳಿಬ್ಬರೂ ನೀರಿಗೆ ಚಪ್ಪಟೆ ಕಲ್ಲು ಎಸೆಯುತ್ತಿದ್ದರು. ಯಜಮಾನರು ಬಂದು ಮುಂಡರಗಿಯ ಬಸ್ಸಿನ ಹೊತ್ತಾಯಿತು ಎಂದರು. ಗೆಳತಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಂದಿನ ಬಸ್ಸಿಗೆ ಹೋದರಾಯಿತೆಂದು ಆ ಬಸ್ಸನ್ನು ಬೇಕೆಂದೇ ಬಿಟ್ಟೆವು.