ಐದೂ ನಲವತ್ತರ ಬಸ್ಸಿಗೆ ಕಾಯುವ ನಾಯಿಗಳು

ಹೊಸ ನಾಯಿಮರಿ ಮನೆಗೆ ಬಂದ ಮೇಲೆ ಹಾಳಾದ ವಸ್ತುಗಳ ಪಟ್ಟಿಯೊಂದನ್ನು ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಬೆಕ್ಕು ಮರಿ ಹಾಕಿದ ದಿನ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಿದ ದಿನ, ಎಲ್ಲವನ್ನೂ ಬರೆಯುವುದು ನನ್ನ ಚಾಳಿ. ನಾಳೆ ಯಾರೋ ಬಂದು ವಿಚಾರಣೆ ಮಾಡುತ್ತಾರೆ ಎನ್ನುವ ಹಾಗೆ ಬರೆಯುತ್ತೇನೆ. ಇಷ್ಟು ವರ್ಷದಲ್ಲಿ ಯಾರೂ ಬಂದಿಲ್ಲ.

ಮೊದಲ ವಾರದ ಪಟ್ಟಿ ಹೀಗಿದೆ. ಅಂಗಳ ಗುಡಿಸುವ ಎರಡು ಹಿಡಿಸೂಡಿ. ಕಾಲೊರಸಿನ ಅರ್ಧ ಭಾಗ. ನಮ್ಮ ಯಜಮಾನರ ಕನ್ನಡಕದ ಪೆಟ್ಟಿಗೆ. ಬಚ್ಚಲ ಗೂಟಕ್ಕೆ ಹಾಕಿದ್ದ ನನ್ನ ಲಂಗದ ಲಾಡಿ. ಲಾಡಿಯನ್ನು ಮನೆಯೆಲ್ಲ ಹುಡುಕಿದೆವು. ಮರುದಿನ ಬೆಳಿಗ್ಗೆ ಅದು ತಾನಾಗಿಯೇ ಹೊರಗೆ ಬಂತು, ಬಂದ ದಾರಿಯನ್ನು ಹೇಳುವ ಅಗತ್ಯವಿಲ್ಲ. ಹನ್ನೊಂದನೆಯ ಸಾಲಿನಲ್ಲಿ ‘ಚಪ್ಪಲಿ, ಎಡಗಾಲಿನದು’ ಎಂದಿದೆ. ಯಾರದು ಎಂದು ಬರೆದಿಲ್ಲ. ಬರೆಯಲು ಕೈ ಬರಲಿಲ್ಲ.

ಅದು ಶಾರದತ್ತಿಗೆಯದು. ಇವರ ಅಕ್ಕ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವರು ನಮ್ಮವರೇ ಆಗಿ ಉಳಿದಿದ್ದರು. ಕೊಪ್ಪದಲ್ಲಿ ಅವರದೊಂದು ಹೊಲಿಗೆ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಮಿಷಿನ್ನು, ಒಂದು ಮೇಜು, ಗಿರಾಕಿ ಕೂರಲು ಒಂದು ಸ್ಟೂಲು. ಸುತ್ತಿನ ಹೆಂಗಸರ ಬೆನ್ನಿನ ಅಗಲವೆಲ್ಲ ಅವರಿಗೆ ಬಾಯಿಪಾಠ. ಬೆಳಿಗ್ಗೆ ಎಂಟೂವರೆಗೆ ಹೋದರೆ ಸಂಜೆ ಐದೂ ನಲವತ್ತರ ಬಸ್ಸಿಗೆ ನಾರ್ವೆ ಊರಿನ ರಸ್ತೆಯ ನಮ್ಮ ಮೋರಿಯ ಹತ್ತಿರ ಇಳಿಯುತ್ತಿದ್ದರು. ಹೆಗಲಲ್ಲಿ ತಾವೇ ಹೊಲಿದ ನೀಲಿ ಚೀಲ. ಅದರೊಳಗೆ ಕತ್ತರಿಸಿದ ಬಟ್ಟೆ, ಟೇಪು, ಮತ್ತು ಬೇಕರಿಯ ರಸ್ಕು. ರಸ್ಕು ನಮಗಲ್ಲ, ನಾಯಿಗಳಿಗೆ.

ನಾಯಿಗಳು ಎಂದರೆ ಆಗ ಎರಡು. ರಾಣಿ ಎಂಬ ಬಿಳಿ ಹೆಣ್ಣುನಾಯಿಗೆ ದೇವರು ನಾಲ್ಕು ಕಾಲು ಕೊಟ್ಟದ್ದು ಮಲಗಿದಾಗ ನಾಲ್ಕು ದಿಕ್ಕಿಗೂ ಚಾಚಿಕೊಳ್ಳಲಿ ಎಂದಿರಬೇಕು. ಅವಳು ರಸ್ಕಿಗಾಗಿ ಅಂಗಳದಲ್ಲೇ ಬಾಯಿ ತೆರೆದು ಕಾಯುವವಳು. ದಾಸು ಹಾಗಲ್ಲ. ಕಪ್ಪು ಮೈ, ಮೂತಿಗೆ ಮಾತ್ರ ನರೆ ಬಂದವನು. ಐದೂಕಾಲಾಯಿತೆಂದರೆ ಎದ್ದು, ಮೈ ಕೊಡವಿ, ಯಾರಿಗೂ ಹೇಳದೆ ಮನೆಗೆ ಹತ್ತುವ ಏರಿಯ ಕೆಳಗಿನ ಮೋರಿ ಕಟ್ಟೆಗೆ ಹೋಗಿ ಕೂರುತ್ತಿದ್ದ. ಒಂಬತ್ತು ವರ್ಷ ತಪ್ಪಿಸಿದ್ದಿಲ್ಲ.

ನಾಯಿಗೆ ಹೊತ್ತು ಹೇಗೆ ತಿಳಿಯುತ್ತದೆ? ಎಲ್ಲೋ ಓದಿದ್ದೆ: ಮನೆಯಿಂದ ಹೊರಗೆ ಹೋದವರ ವಾಸನೆ ಹೊತ್ತು ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದಂತೆ, ಇಷ್ಟು ಇಳಿಯಿತೆಂದರೆ ಅವರು ಬರುವ ಹೊತ್ತಾಯಿತು ಎಂದು ನಾಯಿ ತಿಳಿಯುತ್ತದಂತೆ. ನಿಜವೋ ಸುಳ್ಳೋ ತಿಳಿದವರು ಹೇಳಬೇಕು. ನಿಜವೇ ಆಗಿದ್ದರೆ ನನಗೊಂದು ಪ್ರಶ್ನೆ ಇದೆ. ವಾಸನೆ ಪೂರ್ತಿ ಇಳಿದುಹೋದ ಮೇಲೆ ಆ ಗಡಿಯಾರ ಏನು ಮಾಡುತ್ತದೆ?

ಕಳೆದ ವರ್ಷ ಗೌರಿಹಬ್ಬಕ್ಕೆ ಹತ್ತು ದಿನವಿದ್ದಾಗ ಅತ್ತಿಗೆ ಅಂಗಡಿಯಲ್ಲಿ, ಮಿಷಿನ್ನಿನ ಮೇಲೆಯೇ ತಲೆಯಿಟ್ಟು ಕುಸಿದರು. ಪಕ್ಕದ ಅಂಗಡಿಯವರು ಬಾಗಿಲಿಗೆ ಬೀಗ ಹಾಕಿ, ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದ ಮೇಲೆ ನಮಗೆ ಫೋನು ಬಂತು. ಮೂರನೆಯ ದಿನ ಬೆಳಿಗ್ಗೆ ಅವರನ್ನು ಆಂಬುಲೆನ್ಸಿನಲ್ಲಿ ತಂದರು.

ಇಲ್ಲಿಂದ ಮುಂದಿನದು ನನ್ನ ತಪ್ಪೊಪ್ಪಿಗೆ. ಮನೆ ತುಂಬ ಜನ ಬರುತ್ತಾರೆ, ನಾಯಿಗಳು ಕಾಲಡಿಗೆ ಬರುತ್ತವೆ, ಬೊಗಳುತ್ತವೆ, ಪುರೋಹಿತರಿಗೆ ಸರಿಹೋಗುವುದಿಲ್ಲ ಎಂದು ನಾನೇ ಎರಡನ್ನೂ ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದೆ. ಸಾವಿನ ಮನೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ದಾಸು ಗಂಟಲು ಒಡೆದುಹೋಗುವಷ್ಟು ಕೂಗಿದ. ಅತ್ತಿಗೆಯನ್ನು ಎತ್ತಿಕೊಂಡು ಹೋದ ಮೇಲೆ ಹೆಂಗಸರು ಅಂಗಳವನ್ನೆಲ್ಲ ಸೆಗಣಿ ನೀರು ಹಾಕಿ ತೊಳೆದರು. ಸಂಜೆ ನೆನಪಾಗಿ ಹೋಗಿ ಹಗ್ಗ ಬಿಚ್ಚಿದೆ. ದಾಸು ತೊಳೆದ ಅಂಗಳವನ್ನು ಒಮ್ಮೆ ಮೂಸಿ, ನೇರ ಮೋರಿಗೆ ಓಡಿದ. ಐದೂ ನಲವತ್ತರ ಬಸ್ಸು ಬರುವ ಹೊತ್ತಾಗಿತ್ತು.

ಹತ್ತಿರದವರು, ದೂರದವರು, ಬಾಕಿ ಇದ್ದ ಬ್ಲೌಸನ್ನು ನೆನೆಯುತ್ತ ಅತ್ತವರು, ಎಲ್ಲರಿಗೂ ಮುಖ ತೋರಿಸಿದೆವು. ದಿನವೂ ಎದುರುಗೊಳ್ಳಲು ಹೋಗುತ್ತಿದ್ದವನಿಗೆ ಮಾತ್ರ ತೋರಿಸಲಿಲ್ಲ. ಒಂದು ನಿಮಿಷ ಬಿಟ್ಟಿದ್ದರೆ ಸಾಕಿತ್ತು. ಬಂದು ಮೂಸುತ್ತಿದ್ದ, ತಿಳಿಯುತ್ತಿತ್ತು. ತಿಳಿಸುವುದನ್ನು ನಾವು ಮರೆತೆವು. ಆಮೇಲೆ ತಿಳಿಸಲು ನನಗೆ ಭಾಷೆ ಇರಲಿಲ್ಲ.

ದಸರಾ ಹೋಯಿತು, ದೀಪಾವಳಿ ಹೋಯಿತು. ದಾಸು ದಿನವೂ ಮೋರಿಗೆ ಹೋಗಿ, ಬಸ್ಸಿನಿಂದ ಇಳಿದವರನ್ನು ಒಬ್ಬೊಬ್ಬರಾಗಿ ನೋಡಿ, ಬಸ್ಸು ತಿರುವು ದಾಟುವ ತನಕ ಕೂತು, ಕತ್ತಲೆಗೆ ಮೊದಲು ಹಿಂತಿರುಗಿ, ಅನ್ನಕ್ಕೆ ಬಾಯಿ ಹಾಕದೆ ಮಲಗುತ್ತಿದ್ದ. ಬೆನ್ನಿನ ಮೂಳೆ ಎಣಿಸುವ ಹಾಗಾಯಿತು.

“ಒಂದು ಮರಿ ತರೋಣ ಮಾರಾಯ್ತಿ. ಅದರ ಗಲಾಟೆಯಲ್ಲಿ ಇದಕ್ಕೆ ಮರೆತು ಹೋಗ್ತದೆ” ಎಂದರು ಇವರು.

“ಮರೆತು ಹೋಗ್ಬೇಕಾದ್ದು ದಾಸುಗೋ ನಿಮಗೋ?” ಎಂದೆ. ಇವರು ಬೈಕಿನ ಕೀಲಿ ತೆಗೆದುಕೊಂಡರು. ನಾನೂ ಹಿಂದೆ ಹತ್ತಿದೆ.

ಮರಿ ಸೀತೂರಿನ ನೆಂಟರ ಮನೆಯದು. ಕಂದು ಬಣ್ಣ, ಒಂದು ಕಿವಿ ಎದ್ದದ್ದು, ಇನ್ನೊಂದು ಬಿದ್ದದ್ದು. ದಾರಿ ನೋಡಿದರೆ ವಾಪಸು ಓಡುತ್ತದೆ ಎಂದು ಗೋಣಿಚೀಲದಲ್ಲಿ ಹಾಕಿ, ಉಸಿರಾಡಲು ಮೂತಿಯನ್ನಷ್ಟೇ ಹೊರಗೆ ಬಿಟ್ಟು ತಂದೆವು. ಆ ಮುನ್ನೆಚ್ಚರಿಕೆ ವ್ಯರ್ಥ. ಬಂದ ಗಂಟೆಯೊಳಗೆ ಅದು ಹಿಂದಿನ ಜನ್ಮದಿಂದಲೂ ನಮ್ಮ ಮನೆಯಲ್ಲೇ ಇದ್ದ ಹಾಗೆ ರಾಣಿಯ ಬಾಲ ಹಿಡಿದು ಎಳೆಯುತ್ತಿತ್ತು. ರಾಣಿ ಒಂದು ಕಣ್ಣು ತೆರೆದು ನೋಡಿ, ಇದೂ ಒಂದು ಅನುಭವ ಎಂಬಂತೆ ಮತ್ತೆ ಮುಚ್ಚಿಕೊಂಡಳು. ಹೆಸರು ಮಾತ್ರ ಇಡಲಿಲ್ಲ. ನಮ್ಮಲ್ಲಿ ನಾಯಿ, ದನ, ಬೆಕ್ಕಿಗೆಲ್ಲ ಹೆಸರಿಡುತ್ತಿದ್ದವರು ಅತ್ತಿಗೆ. ಅವರ ಕೆಲಸಕ್ಕೆ ಕೈಹಾಕಲು ನಮಗಿಬ್ಬರಿಗೂ ಧೈರ್ಯ ಸಾಲದೆ ಮರಿ ಮರಿಯಾಗಿಯೇ ಉಳಿಯಿತು.

ಧೈರ್ಯ ಸಾಲದ ಕೆಲಸ ಇನ್ನೊಂದಿತ್ತು. ಅತ್ತಿಗೆಯ ಮನೆಚಪ್ಪಲಿಯ ಜೋಡಿ ಜಗಲಿಯ ಬೆಂಚಿನ ಕೆಳಗೆ ಅವರು ಬಿಟ್ಟುಹೋದ ಹಾಗೆಯೇ ಇತ್ತು. ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದೆ. ನಮ್ಮಿಬ್ಬರಿಂದ ಆಗದ್ದನ್ನು ಮರಿ ಒಂದು ಮಧ್ಯಾಹ್ನ ಮಾಡಿ ಮುಗಿಸಿತ್ತು. ನೋಡುವಾಗ ಎಡಗಾಲಿನದು ಅಂಗಳದ ತುಂಬ ಚೂರು ಚೂರು.

“ಎಂತದೇ ಇದು! ಕಣ್ಣಿಗೆ ಕಾಣಲಿಲ್ವಾ ನಿಂಗೆ?” ಎಂದು ಇವರು ಕೂಗಿದರು. ಕೂಗಿದ್ದು ಮರಿಗೋ ನನಗೋ ತಿಳಿಯಲಿಲ್ಲ. ಕೋಲು ಹಿಡಿದು ಎರಡು ಹೆಜ್ಜೆ ಹೋದವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಕ್ಕ ಹೋದ ದಿನವೂ ಅಳದಿದ್ದ ಮನುಷ್ಯ. ಮರಿ ಹೋಗಿ ಅವರ ಮೊಣಕಾಲಿನ ಮೇಲೆ ಮುಂಗಾಲಿಟ್ಟು, ಬಾಯಲ್ಲಿ ಇನ್ನೂ ಉಳಿದಿದ್ದ ಚಪ್ಪಲಿ ಪಟ್ಟಿಯ ಚೂರನ್ನು ಅವರ ಮಡಿಲಿಗೆ ಹಾಕಿತು. ಬಲಗಾಲಿನದನ್ನು ನಾನು ತೆಗೆದು ಅಟ್ಟದ ಮೇಲಿಟ್ಟೆ.

ಮರಿಯಿಂದ ದಾಸು ಮರೆಯುತ್ತಾನೆ ಎಂದು ನಾವು ಲೆಕ್ಕ ಹಾಕಿದ್ದೆವಲ್ಲ, ಆದದ್ದು ತಿರುಗುಮುರುಗು. ಮರಿ ದಾಸುವಿನ ಹಿಂದೆಯೇ ಸುತ್ತುತ್ತಿತ್ತು. ಅವನು ಕೆರೆದುಕೊಂಡರೆ ತಾನೂ ಕೆರೆದುಕೊಳ್ಳುತ್ತಿತ್ತು. ಅವನು ಕಾಲೆತ್ತಿದರೆ ತಾನೂ ಎತ್ತಲು ಹೋಗಿ ಬೀಳುತ್ತಿತ್ತು. ಹೀಗೆ ಒಂದು ಸಂಜೆ ಅವನ ಹಿಂದೆ ಮೋರಿಗೂ ಹೋಯಿತು. ಮರುದಿನವೂ ಹೋಯಿತು. ನಾನು ಏರಿಯ ಮೇಲೆ ನಿಂತು ನೋಡುತ್ತೇನೆ: ಕಟ್ಟೆಯ ಮೇಲೆ ಎರಡು ಬೆನ್ನು, ಒಂದು ಕರಿದು ದೊಡ್ಡದು, ಒಂದು ಕಂದು ಸಣ್ಣದು, ಎರಡೂ ಮೂತಿ ಕೊಪ್ಪದ ದಿಕ್ಕಿಗೆ. ಎಂದೂ ಕಂಡಿಲ್ಲದ ಶಾರದತ್ತಿಗೆಗೆ ಮರಿ ಕಾಯುತ್ತಿತ್ತು. ದುಃಖ ಕಡಿಮೆ ಮಾಡಲೆಂದು ತಂದದ್ದಕ್ಕೂ ದುಃಖ ಕಲಿಸಿದೆವಲ್ಲ ಎನಿಸಿತು.

ಆದರೆ ಮರಿ ಪಾಠವನ್ನು ಅರ್ಧ ಮಾತ್ರ ಕಲಿತಿತ್ತು. ಬಸ್ಸಿಗೆ ಕಾಯಬೇಕು ಎಂಬುದು ಗೊತ್ತು, ಯಾರಿಗೆ ಎಂಬುದು ಗೊತ್ತಿಲ್ಲ. ಹಾಗಾಗಿ ಇಳಿದವರೆಲ್ಲರ ಮೇಲೂ ಹಾರುತ್ತಿತ್ತು, ಎಲ್ಲರ ಚೀಲಕ್ಕೂ ಮೂತಿ ಹಾಕುತ್ತಿತ್ತು. ಕಂಡಕ್ಟರ್ ಸುಧಾಕರ ಅದಕ್ಕೆ ‘ಚೆಕಿಂಗ್’ ಎಂದು ಹೆಸರಿಟ್ಟ. “ಚೆಕಿಂಗ್ ಬಂದಿದೆ, ಎಲ್ರೂ ಟಿಕೆಟ್ ಕೈಯಲ್ಲಿ ಹಿಡ್ಕೊಳ್ಳಿ!” ಎಂದು ಬಸ್ಸು ನಿಲ್ಲುವ ಮೊದಲೇ ಕೂಗುತ್ತಿದ್ದ. ಹೆಸರಿಲ್ಲದ ನಮ್ಮ ಮರಿಗೆ ಹೀಗೆ ದಾರಿಯಲ್ಲಿ ಹೆಸರು ಸಿಕ್ಕಿತು.

ಸಂಕ್ರಾಂತಿ ಕಳೆದ ಮೇಲೆ, ಅಂಗಡಿ ಖಾಲಿ ಮಾಡಿಕೊಡಿ ಎಂದು ಕಟ್ಟಡದವರು ಹೇಳಿ ಕಳಿಸಿದರು. ಇವರು ಎರಡು ಸಲ ಹೊರಟು ಎರಡು ಸಲವೂ ಬೇರೆ ಕೆಲಸ ಹೇಳಿ ಉಳಿದರು. ನಾನೇ ಹೋದೆ. ಬೀಗ ತೆಗೆದಾಗ ಐದು ತಿಂಗಳ ಮುಚ್ಚಿದ ಗಾಳಿ ಮುಖಕ್ಕೆ ಬಂತು. ಮಿಷಿನ್ ಎಣ್ಣೆ, ಹೊಸ ಬಟ್ಟೆಯ ಗಂಜಿ, ಅತ್ತಿಗೆ ತಲೆಗೆ ಹಾಕುತ್ತಿದ್ದ ಭೃಂಗರಾಜದ ಎಣ್ಣೆ. ನೀಲಿ ಚೀಲ ಮೊಳೆಯಲ್ಲಿ ತೂಗುತ್ತಿತ್ತು. ಅದರೊಳಗೆ ಅವತ್ತು ಮಧ್ಯಾಹ್ನವೇ ಕೊಂಡಿಟ್ಟ ರಸ್ಕಿನ ಪೊಟ್ಟಣ, ಪೂರ್ತಿ ಬೂಸಲು. ಅದನ್ನು ಎಸೆದು, ಅದೇ ಬೇಕರಿಯಲ್ಲಿ ಹೊಸದು ಕೊಂಡು, ಕತ್ತರಿ, ಟೇಪು, ಅರ್ಧ ಹೊಲಿದ ಒಂದು ಬ್ಲೌಸಿನ ತೋಳನ್ನೆಲ್ಲ ಚೀಲಕ್ಕೆ ತುಂಬಿ, ಹೆಗಲಿಗೆ ಹಾಕಿಕೊಂಡು ಸಂಜೆಯ ಬಸ್ಸು ಹತ್ತಿದೆ. ಏನು ಮಾಡುತ್ತಿದ್ದೇನೆ ಎಂದು ಹೊಳೆಯಲೇ ಇಲ್ಲ. ಹೊಳೆದದ್ದು ಮೋರಿಯ ಹತ್ತಿರ ಬಸ್ಸಿನ ಬಾಗಿಲು ತೆರೆದಾಗ.

ದಾಸು ಎದ್ದು ನಿಂತಿದ್ದ. ಮೂಗು ಮೇಲೆತ್ತಿ ಒಮ್ಮೆ ಗಾಳಿ ಎಳೆದ. ಆಮೇಲೆ ಓಡಿದ. ತಿಂಗಳುಗಟ್ಟಲೆ ಓಡದವನು, ಹಿಂಗಾಲು ಎಳೆಯುತ್ತಿದ್ದವನು, ಮರಿಯ ಹಾಗೆ ಕುಂಯ್ ಕುಂಯ್ ಎನ್ನುತ್ತ ಓಡಿ ಬಂದು ಚೀಲದೊಳಗೆ ಕುತ್ತಿಗೆಯ ತನಕ ತಲೆ ಹಾಕಿದ. ಬಾಲ ನಿಲ್ಲಲಿಲ್ಲ. ಅದಾದ ಮೇಲೆ ತಲೆ ತೆಗೆದು, ನನ್ನನ್ನು ದಾಟಿ, ಬಸ್ಸಿನ ಬಾಗಿಲಿನ ಕೆಳಗೆ ನಿಂತು ಮೇಲೆ ನೋಡಿದ.

ಸುಧಾಕರ ಸೀಟಿ ಬಾಯಲ್ಲಿಟ್ಟವನು ಊದಲಿಲ್ಲ. ಬಾಗಿಲಿಂದ ಪಕ್ಕಕ್ಕೆ ಸರಿದು ಒಳಗೆಲ್ಲ ಕಾಣುವ ಹಾಗೆ ನಿಂತ. “ಯಾರೂ ಇಲ್ಲ ಮಾರಾಯ” ಎಂದ, ಮನುಷ್ಯನಿಗೆ ಹೇಳುವ ಹಾಗೆ. “ನೋಡು ಬೇಕಾದ್ರೆ. ಯಾರೂ ಇಲ್ಲ.”

ಬಸ್ಸು ಹೋಯಿತು. ನಾನು ಮೋರಿ ಕಟ್ಟೆಯ ಮೇಲೆ ಕೂತೆ. ಚೀಲದಲ್ಲಿದ್ದದ್ದನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲಿಟ್ಟೆ. ಕತ್ತರಿ, ಟೇಪು, ಅರ್ಧ ಹೊಲಿದ ತೋಳು. ದಾಸು ಒಂದೊಂದನ್ನೂ ಮೂಸಿದ. ಅವಸರವಿಲ್ಲದೆ, ಬಿಡದೆ. ಕೊನೆಗೆ ಖಾಲಿ ಚೀಲವನ್ನು ತಿರುಗಿಸಿ ಮಗುಚಿ ತೋರಿಸಿದೆ. “ಇಷ್ಟೇ ಉಳಿದದ್ದು ದಾಸು. ಅವತ್ತು ನಿನ್ನ ಕಟ್ಟಿ ಹಾಕಬಾರದಿತ್ತು” ಎಂದೆ. ರಸ್ಕು ಕೊಟ್ಟೆ, ತಿನ್ನಲಿಲ್ಲ. ಅವನ ಪಾಲನ್ನೂ ಚೆಕಿಂಗ್ ತಿಂದಿತು. ಕತ್ತಲಾಗುವ ಮೊದಲು ಮನೆ ಕಡೆ ಹೊರಟಾಗ ದಾಸು ನನ್ನ ಮುಂದೆ ನಡೆದ. ಹಿಂತಿರುಗಿ ನೋಡಲಿಲ್ಲ.

ಮರುದಿನ ಐದೂಕಾಲಿಗೆ ಅವನು ಏಳಲಿಲ್ಲ. ಜಗಲಿಯಲ್ಲಿ ನೀಲಿ ಚೀಲದ ಮೇಲೆ ಗಲ್ಲವಿಟ್ಟು ಮಲಗಿದ್ದ. ಇವತ್ತಿಗೂ ಹಾಗೆಯೇ. ಅನ್ನ ತಿನ್ನುತ್ತಾನೆ, ಸ್ವಲ್ಪ. ಅವನಿಗೆ ತಿಳಿಯಿತೋ, ಇಲ್ಲ ದಣಿದನೋ, ನನಗೆ ಗೊತ್ತಿಲ್ಲ. ಇವರು ಅವನ ಪಕ್ಕದಲ್ಲೇ ಕೂತು ಪೇಪರು ಓದುತ್ತಾರೆ, ಪುಟ ಮಾತ್ರ ತಿರುಗುವುದಿಲ್ಲ.

ಮೋರಿಗೆ ಈಗ ಚೆಕಿಂಗ್ ಒಂದೇ ಹೋಗುತ್ತದೆ. ಕಲಿಸಿದವನು ಬಿಟ್ಟರೂ ಕಲಿತದ್ದು ಬಿಟ್ಟಿಲ್ಲ. ರಸ್ತೆಯಲ್ಲಿ ಗಾಡಿಗಳ ಭಯ, ಅದಕ್ಕೆ ನಾನೂ ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ. ಮೊನ್ನೆ ಸುಧಾಕರ ಮೆಟ್ಟಿಲ ಮೇಲಿಂದಲೇ ಕೇಳಿದ, “ಏನಕ್ಕಾ, ದಿನಾ ಕೂತಿರ್ತೀರಿ. ಯಾರಾದ್ರೂ ಬರೋರಿದ್ರಾ?”

ಇಲ್ಲ ಎನ್ನುವಷ್ಟರಲ್ಲಿ ಒಬ್ಬ ಮುದುಕಿ ಇಳಿದರು. ಯಾರ ಮನೆಯ ನೆಂಟರೋ, ನಾನು ಕಂಡವರಲ್ಲ. ಚೆಕಿಂಗ್ ಜನ್ಮಾಂತರದ ಗುರುತಿನವರ ಹಾಗೆ ಅವರ ಸೀರೆಯ ಅಂಚಿಗೆ ಹಾರಿತು. “ಹೋಗಾ ಆಚೆ, ಎಂತದೂ ಇಲ್ಲ ನನ್ನತ್ರ!” ಎಂದು ಬೈಯುತ್ತಲೇ ಅವರು ಬಗ್ಗಿ ಅದರ ತಲೆ ಸವರಿದರು. ನನಗೂ ಸುಮ್ಮನೆ ಕೂರಲು ಆಗಲಿಲ್ಲ. ಎದ್ದು, “ಬನ್ನಿ ಅಮ್ಮ, ಚೀಲ ಇತ್ಲಾಗೆ ಕೊಡಿ, ಏರಿ ಹತ್ತೋ ತನಕ ಹಿಡ್ಕೊಳ್ತೇನೆ” ಎಂದೆ.

ಮನೆಗೆ ಬಂದು ಅಟ್ಟ ಹತ್ತಿ ಬಲಗಾಲಿನ ಚಪ್ಪಲಿಯನ್ನು ತಂದು ಚೆಕಿಂಗಿನ ಮುಂದೆ ಹಾಕಿದೆ. ಅದು ಕಚ್ಚಿಕೊಂಡು ಅಂಗಳ ಸುತ್ತಿತು. ಇವರು ಪೇಪರು ಕೆಳಗಿಟ್ಟು ನೋಡಿದರು. ಕ್ಯಾಲೆಂಡರಿನ ಹಿಂದಿನ ಪಟ್ಟಿಯಲ್ಲಿ ಅದನ್ನು ಸೇರಿಸಿಲ್ಲ. ಅದು ಹಾಳಾದದ್ದಲ್ಲ, ಕೊಟ್ಟದ್ದು.